ಬ್ಯಾಟರಿಗೆ ಕಾವಲು

ಪಿರ್ಕೊ ಬಾಗಿಲು ತೆರೆದರೆ ದೋಣಿ ಸಂಘದ ಅಂಗಳ ನೋಡಿಕೊಳ್ಳುವ ಉಂತೊ ನಿಂತಿದ್ದ. ಎರಡೂ ತೋಳಿನಲ್ಲಿ ಒಂದು ದೊಡ್ಡ ಬ್ಯಾಟರಿಯನ್ನು ಅವುಚಿಕೊಂಡಿದ್ದ. ಬ್ಯಾಟರಿಯ ಮೇಲೂ ಹಿಮ, ಅವನ ಮೀಸೆಯ ಮೇಲೂ ಹಿಮ.

“ಪಿರ್ಕೊ ಅಕ್ಕಾ, ಎಲ್ಲಿಡ್ಲಿ? ಬೇಗ ಹೇಳಿ, ಇಪ್ಪತ್ತೈದು ಕಿಲೋ ಇದೆ.”

“ಯಾರ್ದಪ್ಪಾ ಇದು?”

“ನಿಮ್ಮ ದೋಣೀದೇ. ನಾಳೆಯಿಂದ ಹತ್ತು ದಿನ ನಾನು ಮಗಳ ಮನೇಲಿರ್ತೀನಿ, ವರ್ಕ್‌ಶಾಪಿಗೆ ಬೀಗ. ತೈಸ್ತೊ ಅಣ್ಣಂಗೆ ಸೊಂಟ ನೋವಲ್ವಾ, ನಾನೇ ಮುಟ್ಟಿಸೋಣ ಅಂತ ತಂದೆ. ಅಣ್ಣ ಇಲ್ವಾ?”

“ನಿಮ್ಮ ಅಂಗಳದಲ್ಲೇ ಇದಾರೆ. ಗುರುವಾರ ಅಲ್ವಾ, ಬೆಳಿಗ್ಗೇನೇ ಹೋದ್ರು. ಬ್ಯಾಟರಿ ಚಾರ್ಜ್ ಮಾಡೋಕೆ.”

ಇಬ್ಬರೂ ಉಂತೊನ ತೋಳಿನಲ್ಲಿದ್ದ ಬ್ಯಾಟರಿಯನ್ನು ನೋಡಿದರು.

ಚಳಿಗಾಲಕ್ಕೆ ದೋಣಿಗಳನ್ನು ದಡಕ್ಕೆ ಹತ್ತಿಸಿ ಟಾರ್ಪಾಲು ಹೊದಿಸಿದ ಮೇಲೆ ಸಂಘದ ಕಟ್ಟುನಿಟ್ಟಿನ ನಿಯಮ ಒಂದೇ: ಚಾರ್ಜರ್ ಹಚ್ಚಿದವನು ಬ್ಯಾಟರಿ ತುಂಬುವವರೆಗೆ ಪಕ್ಕದಲ್ಲೇ ಕೂತಿರಬೇಕು. ಕಳೆದ ವಸಂತದಲ್ಲಿ ನಿವೃತ್ತನಾದ ಅವಳ ಗಂಡ ತೈಸ್ತೊ ಇದನ್ನು ವೇದವಾಕ್ಯ ಮಾಡಿಕೊಂಡಿದ್ದ. ನವೆಂಬರಿನಿಂದ ಪ್ರತಿ ಗುರುವಾರ, ಮೈನಸ್ ಹದಿನೈದರ ಚಳಿಯಲ್ಲೂ, ಫ್ಲಾಸ್ಕಿಗೆ ಕಾಫಿ ತುಂಬಿಸಿಕೊಂಡು “ಏನ್ಮಾಡೋದು, ಬ್ಯಾಟರಿ ಕೆಟ್ರೆ ಬೇಸಿಗೇನೇ ಕೆಟ್ಟ ಹಾಗೆ” ಎಂದು ನಿಟ್ಟುಸಿರು ಬಿಟ್ಟು ಹೊರಡುತ್ತಿದ್ದ.

“ಇದು ನಿನ್ನ ಹತ್ರ ಯಾವಾಗಿಂದ ಇದೆ?”

“ನವೆಂಬರಿಂದ. ಅಣ್ಣನೇ ತಂದುಕೊಟ್ರು. ತಿಂಗಳಿಗೊಂದ್ಸಲ ನಾನೇ ಚಾರ್ಜಿಗೆ ಹಾಕ್ತೀನಿ, ಅಷ್ಟು ಸಾಕು...” ಮಾತು ಎಲ್ಲಿಗೆ ಹೋಗುತ್ತಿದೆ ಎಂಬುದು ಉಂತೊಗೆ ಆಗ ಹೊಳೆಯಿತು. “ಅಕ್ಕಾ, ಕೈ ಸೋಲ್ತಿದೆ.”

“ಸೋಲ್ಲಿ. ಅಲ್ಲಿ ಕೂತು ಏನ್ಮಾಡ್ತಾರೆ ಅವರು?”

“ದೇವರಾಣೆ, ಏನೂ ಮಾಡಲ್ಲ. ದೋಣಿಯೊಳಗೆ ಕೂತಿರ್ತಾರೆ. ನಾಲ್ಕು ಜನ. ಒಬ್ರೂ ಮಾತಾಡಲ್ಲ.”

ಪಿರ್ಕೊ ಸೊಂಟಕ್ಕೆ ಕೈಯಿಟ್ಟಳು. ನಲವತ್ತೊಂದು ವರ್ಷ ಬಾಳಿದ ಹೆಂಡತಿ ಇರುವ ಬೆಚ್ಚನೆಯ ಮನೆಗಿಂತ ಆ ಕೊರೆಯುವ ದೋಣಿ ಹಿತವಾಯಿತೇ ಈ ಮನುಷ್ಯನಿಗೆ? ಅಷ್ಟರಲ್ಲಿ ಒಳಗೆ ರೇಡಿಯೋದಲ್ಲಿ ಹೊಸ ಟ್ಯಾಂಗೋ ಕುಣಿತದ ಹಾಡು ಶುರುವಾಯಿತು, ಅವಳ ಕಾಲು ಅವಳನ್ನು ಕೇಳದೆಯೇ ತಾಳ ಹಾಕಿತು. ಉಳಿದ ಆರು ದಿನ ತೈಸ್ತೊ ಅಡುಗೆಮನೆಯಲ್ಲೇ ಇರುತ್ತಿದ್ದ. ಆಲೂಗಡ್ಡೆ ಸಿಪ್ಪೆ ದಪ್ಪವಾಯಿತು ಎನ್ನುವವನು, ಡಬ್ಬಿಗಳಿಗೆಲ್ಲ ಚೀಟಿ ಅಂಟಿಸುವವನು. ಗುರುವಾರ ಮಾತ್ರ ಅವಳು ಕಾಲನ್ನು ಮೇಜಿನ ಮೇಲೆ ಚಾಚಿ, ರೇಡಿಯೋಗಿಂತ ಜೋರಾಗಿ ಹಾಡುತ್ತಿದ್ದಳು. ಈ ಬ್ಯಾಟರಿ ಹೊಸ್ತಿಲು ದಾಟಿದರೆ ಆ ಗುರುವಾರಕ್ಕೂ ಸಂಚಕಾರ.

“ಉಂತೊ, ನೀನು ಇಲ್ಲಿಗೆ ಬಂದೇ ಇಲ್ಲ.”

“ಬಂದಿದೀನಲ್ಲಕ್ಕಾ! ತೋಳು ಕಿತ್ತು ಬರ್ತಿದೆ.”

“ಬಂದಿಲ್ಲ ಅಂದೆ. ಇದು ಮನೆಗೆ ಬಂದ್ರೆ ಅವರೂ ಮನೇಲೇ. ವಾಪಸ್ ತಗೊಂಡ್ಹೋಗು.”

“ವರ್ಕ್‌ಶಾಪಲ್ಲಿ ಹತ್ತು ದಿನ ಹೀಟರ್ ಇರಲ್ಲ ಅಕ್ಕ...”

“ತುಂಬಿದ ಬ್ಯಾಟರಿ ಹೆಪ್ಪುಗಟ್ಟಲ್ಲ, ಖಾಲಿಯಾಗಿರೋದು ಮಾತ್ರ ಗಡ್ಡೆಕಟ್ಟಿ ಒಡೆಯೋದು. ದೋಣಿ ಕೊಂಡ ದಿನದಿಂದ ಇದೇ ಪುರಾಣ ಕೇಳಿದೀನಿ. ಇದು ತುಂಬಿದೆ ತಾನೆ?”

“ತುಂಬಿದೆ.”

“ಮತ್ತೇನು ರಾಗ?” ಪಿರ್ಕೊ ಒಳಗೆ ಹೋಗಿ ಆಗಷ್ಟೇ ಬೇಯಿಸಿದ ಏಲಕ್ಕಿ ಬನ್ನುಗಳ ಪೊಟ್ಟಣ ತಂದು ಬ್ಯಾಟರಿಯ ಮೇಲಿಟ್ಟಳು. “ಬನ್ನು ತಿನ್ನು, ಬಾಯಿ ಮುಚ್ಕೊಂಡಿರು.”

ಪೊಟ್ಟಣ ಜಾರದಂತೆ ಗದ್ದ ಒತ್ತಿಕೊಂಡು ಉಂತೊ ಮೆಟ್ಟಿಲಿಳಿದ.

ಸಂಜೆ ತೈಸ್ತೊ ಕೆಂಪು ಮೂಗು ಒರೆಸಿಕೊಳ್ಳುತ್ತ ಬಂದು ಊಟಕ್ಕೆ ಕೂತ. ಪಿರ್ಕೊ ಬಟಾಣಿ ಸೂಪು ಬಡಿಸಿದಳು.

“ಹೇಗಿದೆ ಬ್ಯಾಟರಿ?”

“ನಿಧಾನ ಕಣೇ. ಈ ಚಳಿಗೆ ಚಾರ್ಜೇ ಹಿಡಿಯಲ್ಲ.” ಅವನು ಸೂಪನ್ನೇ ನೋಡುತ್ತ ಹೇಳಿದ. “ಒಬ್ಬಳಿಗೇ ಬೇಜಾರು ಅಂದ್ರೆ ಮನೆಗೇ ತಂದುಬಿಡ್ಲಾ?”

“ಅಯ್ಯೋ, ಬೇಡ!” ಮಾತು ತೀರ ಬೇಗ ಹೊರಬಿತ್ತೆಂದು ಅವಳಿಗೇ ಅನ್ನಿಸಿ ದನಿ ತಗ್ಗಿಸಿದಳು. “ಹಳೇ ಬ್ಯಾಟರಿ ಪಾಪ, ಅವಸರ ಮಾಡಬಾರದು. ಬೇಕಾದ್ರೆ ಮಂಗಳವಾರಾನೂ ಹೋಗಿಬನ್ನಿ.”

ತೈಸ್ತೊ ಎರಡು ಚಮಚ ಸೂಪು ಕುಡಿದ. ಬಟ್ಟಲಿನ ಅಂಚಿಗಂಟಿದ್ದ ಬಟಾಣಿಯನ್ನು ಒಳಕ್ಕೆ ತಳ್ಳಿದ.

“ಇವತ್ತು ಉಂತೊ ದೋಣಿಗೆ ಬನ್ನು ತಂದಿದ್ದ. ಚೆನ್ನಾಗಿತ್ತು. ಅವನ ಹೆಂಡತಿ ಯಾವತ್ತೂ ಇಷ್ಟೊಂದು ಏಲಕ್ಕಿ ಹಾಕಿದವಳಲ್ಲ.”

ಪಿರ್ಕೊ ಎದ್ದು ಹಿಟ್ಟಿನ ಡಬ್ಬಿ ತೆರೆದು, ಎಷ್ಟು ಉಳಿದಿದೆಯೆಂದು ಬಗ್ಗಿ ನೋಡಿದಳು.

“ಮಂಗಳವಾರ ಬ್ಯಾಟರಿಗೆ ಎಷ್ಟು ಬನ್ನು ಬೇಕಾಗುತ್ರೀ?”

“ಎಂಟು,” ಎಂದ ತೈಸ್ತೊ, ತಲೆಯೆತ್ತದೆ. “ನಾವು ನಾಲ್ಕು ಜನ.”