ಒಂಬತ್ತೂವರೆಯ ರಿಪೋರ್ಟ್

'ಉದ್ದ ಆತು.'

ಮತ್ತೆ ಎರಡೇ ಪದ. ಶಿವಲೀಲಾ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಬೆಳಿಗ್ಗೆ ಎಂಟಕ್ಕೇ ಆಫೀಸಿಗೆ ಬಂದು, ಅಳಿಸಿ ಅಳಿಸಿ ಎಂಟು ಸಾಲಿಗೆ ಇಳಿಸಿದ ರಿಪೋರ್ಟ್ ಅದು. ಎಂಟು ಸಾಲೂ ಉದ್ದವಾದರೆ ಇನ್ನೇನು ಕಳಿಸಬೇಕು?

ಗಂಗಾವತಿಯ ಬಸ್ ಕಂಪನಿಯೊಂದರ ವೆಬ್‌ಸೈಟ್ ನೋಡಿಕೊಳ್ಳುವುದು ಅವಳ ಕೆಲಸ. ಕೂರುವುದು ಕೊಪ್ಪಳದ ಆಫೀಸಿನಲ್ಲಿ. ನಿನ್ನೆ ಎಷ್ಟು ಮಂದಿ ಸೈಟ್ ತೆರೆದರು, ಪುಟ ಬಿಚ್ಚಿಕೊಳ್ಳಲು ಎಷ್ಟು ಸೆಕೆಂಡು ಹಿಡಿಯಿತು, ಟಿಕೆಟ್ ತೆಗೆಯದೆ ಎಷ್ಟು ಜನ ಅರ್ಧಕ್ಕೇ ಬಿಟ್ಟು ಹೋದರು, ಎಲ್ಲವನ್ನೂ ಬರೆದು ದಿನಾ ಒಂಬತ್ತೂವರೆಗೆ ಮಾಲೀಕರ ವಾಟ್ಸಾಪಿಗೆ ಕಳಿಸಬೇಕು. ಸೇರಿದ ದಿನವೇ ಮ್ಯಾನೇಜರ್ ಶರಣಕುಮಾರ ಡ್ರಾಯರಿನಿಂದ ಹಳೆಯ ಡೈರಿ ತೆಗೆದು ನಂಬರ್ ಬರೆದುಕೊಟ್ಟಿದ್ದ.

"ಸಾಹುಕಾರ್ರದು ಇದು. ಫೋನ್ ಮಾಡಬ್ಯಾಡ ತಂಗಿ, ಸಿಟ್ಟಿಗೇಳ್ತಾರ. ಬರೇ ರಿಪೋರ್ಟ್ ಕಳಸು."

ಸಾಹುಕಾರ ಅಬ್ದುಲರೌಫರನ್ನು ಅವಳು ನೋಡಿಯೇ ಇರಲಿಲ್ಲ. ನೋಡುವ ಆಸೆಯೂ ಇರಲಿಲ್ಲ. ಆ ಉತ್ತರಗಳೇ ಸಾಕಾಗಿದ್ದವು.

ಮೊದಲ ವಾರ ಏನೂ ಬರಲಿಲ್ಲ. ಎಂಟನೆಯ ದಿನ ಸಂಜೆ ನಾಲ್ಕಕ್ಕೆ, 'ಇದು ಏನು.' ಪ್ರಶ್ನೆಯ ಚಿಹ್ನೆಯೂ ಇಲ್ಲ. ಮರುದಿನ, 'ಇಂಗ್ಲಿಸ ಬ್ಯಾಡ.' ಕಾಗುಣಿತ ನೋಡಿಕೊಳ್ಳುವಷ್ಟೂ ತಾಳ್ಮೆ ಇಲ್ಲದ ಮನುಷ್ಯ. ಅವಳು ಬೌನ್ಸ್ ರೇಟ್ ಎಂಬುದನ್ನು ತೆಗೆದು 'ಬಂದು ಏನೂ ಒತ್ತದೆ ಹೋದವರು' ಎಂದು ಬರೆದಳು. ಇಡೀ ಮಧ್ಯಾಹ್ನ ಕೂತು ಬಣ್ಣದ ಗ್ರಾಫ್ ಮಾಡಿ ಕಳಿಸಿದರೆ, 'ಚಿತ್ರ ಬ್ಯಾಡ ಅಕ್ಷರ ಬರಿ.' ಶೇಕಡಾ ನಲವತ್ತು ಎಂದರೆ, 'ಗೊತ್ತಾಗಲಿಲ್ಲ.' ಹತ್ತರಲ್ಲಿ ನಾಲ್ಕು ಮಂದಿ ಎಂದು ತಿದ್ದಿದಳು. ಐವತ್ತು ಬಸ್ಸು ಓಡಿಸುವವರಿಗೆ ಶೇಕಡಾ ಗೊತ್ತಿಲ್ಲವೇ? ಬೇಕೆಂದೇ ಸತಾಯಿಸುತ್ತಿದ್ದಾರೆ.

"ಏನು ಬರೆದರೂ ಅವರಿಗೆ ಸೇರಂಗಿಲ್ರಿ ಸರ್," ಎಂದು ಶರಣಕುಮಾರನ ಮುಂದೆ ಗೋಳಾಡಿಕೊಂಡಳು.

"ದೊಡ್ಡ ಮಂದಿ ತಂಗಿ, ಹಂಗ ಇರ್ತಾರ," ಎಂದು ಅವನು ತನ್ನ ಕಂಪ್ಯೂಟರಿನತ್ತ ತಿರುಗಿದ.

ಒಂದು ದಿನ ಮಾತ್ರ ಪ್ರಶ್ನೆ ಉದ್ದವಿತ್ತು. 'ತಾವರಗೇರಾ ಮಂದಿ ಯಾಕ ಬಿಟ್ಟು ಹೋದರು.' ತಾವರಗೇರಾ ಊರಿನಿಂದ ಸೈಟ್ ತೆರೆದವರು ಹೆಚ್ಚಾಗಿ ಅರ್ಧಕ್ಕೇ ಬಿಡುತ್ತಾರೆ ಎಂದು ಅವಳೇ ಬರೆದಿದ್ದಳು, ಯಾಕೆಂದು ಗೊತ್ತಿರಲಿಲ್ಲ. ಎರಡು ದಿನ ತಲೆಕೆಡಿಸಿಕೊಂಡು ಹುಡುಕಿದಳು. ಪುಟದ ನೆತ್ತಿಯ ಮೇಲೆ ಬಸ್ಸಿನ ಭಾರೀ ಫೋಟೊ. ಸಿಗ್ನಲ್ ಕಡಿಮೆ ಇರುವ ಅಂಥ ಕಡೆ ಅದೊಂದೇ ಹನ್ನೊಂದು ಸೆಕೆಂಡು ತಿನ್ನುತ್ತಿತ್ತು. ಕಿತ್ತುಹಾಕಿದಳು. ಪುಟ ಮೂರು ಸೆಕೆಂಡಿಗೆ ಬಂತು. ಬಿಟ್ಟು ಹೋಗುವವರು ಅರ್ಧಕ್ಕರ್ಧ ಕಡಿಮೆಯಾದರು. ಹಿಗ್ಗಿನಿಂದ ಬರೆದು ಕಳಿಸಿದಳು. ಒಂದು ಶಹಬ್ಬಾಸ್ ಆದರೂ ಬಂದೀತು ಎಂದು ನಾಲ್ಕು ಗಂಟೆಯವರೆಗೆ ಕಾದಳು.

'ಮೂರು ಸೆಕೆಂಡು ಅಂದರ ಎಷ್ಟು ಹೊತ್ತು.'

ಹಲ್ಲು ಕಚ್ಚಿ ಬರೆದಳು: ತಾವರಗೇರಾ ಅಂತ ನಿಧಾನಕ್ಕೆ ಮೂರು ಸಲ ಅನ್ನುವಷ್ಟು ಹೊತ್ತು.

'ಗೊತ್ತಾತು ಅಕ್ಕಾರ.'

ಅಕ್ಕಾರ! ಸಾಲಿಯಲ್ಲಿ ಕಲಿಸುವ ಅಕ್ಕಾರ ಹಾಗೆ ನನಗೇ ಪಾಠ ಹೇಳುತ್ತೀಯಾ ಎಂಬ ಅಣಕ. ಆ ಸಂಜೆ ಮನೆಗೆ ಹೋದವಳು ಊಟ ಮಾಡಲಿಲ್ಲ.

ಹೀಗೆ ಆರು ತಿಂಗಳು. ಈಗ 'ಉದ್ದ ಆತು.' ಸಾಕು ಎನಿಸಿತು. ಮರುದಿನ ಬೆಳಿಗ್ಗೆ ರಿಪೋರ್ಟ್ ಬರೆಯಲಿಲ್ಲ. ರಾಜೀನಾಮೆ ಬರೆದಳು.

ಅದನ್ನು ಕೊಡುವಷ್ಟರಲ್ಲಿ ಸಾಹುಕಾರರೇ ಬಂದರು. ಬಿಳಿ ಗಡ್ಡದ, ಮೆಲುದನಿಯ ಮನುಷ್ಯ. ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದರು.

"ತಾವರಗೇರಾ ಮಂದಿ ಫೋನಿನ್ಯಾಗ ಟಿಕೆಟ್ ತಗ್ಯಾಕ ಹತ್ಯಾರ. ಯಾರು ಮಾಡಿದ್ದು ಇದನ್ನ? ಭಾಳ ಛಲೋ ಆಗೇತಿ."

ಶಿವಲೀಲಾ ರಾಜೀನಾಮೆಯ ಕಾಗದವನ್ನು ಅವರ ಮುಂದಿಟ್ಟಳು.

"ದಿನಾ ನನ್ನ ಹೀಯಾಳಿಸಿ, ಈಗ ಯಾರು ಮಾಡಿದ್ದು ಅಂತ ಕೇಳ್ತೀರಲ್ರಿ?"

"ನಾನು ಹೀಯಾಳಿಸಿದ್ನಾ?" ಅಬ್ದುಲರೌಫರು ಕಣ್ಣರಳಿಸಿದರು. "ನಿನ್ನ ರಿಪೋರ್ಟ್ ಒಂದೂ ನನಗ ಬಂದಿಲ್ಲ ತಂಗಿ. ಶರಣಕುಮಾರ ನೋಡ್ತಾನಂತ ಸುಮ್ಮನಿದ್ದೆ."

"ನೀವು ನೋಡ್ತೀರಂತ ನಾನು ಸುಮ್ಮನಿದ್ದೆ ರೀ..." ಶರಣಕುಮಾರ ಕುರ್ಚಿ ಬಿಟ್ಟು ಎದ್ದ.

ಅವಳು ಫೋನ್ ಚಾಚಿದಳು. ಅವರು ನಂಬರ್ ನೋಡಿ, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು.

"ಈ ಸಿಮ್ ಬಿಟ್ಟು ಎರಡು ವರ್ಷಾತು. ಈಗ ಯಾರ ಕೈಯಾಗ ಐತೋ ಏನೋ."

ಅವಳ ಮುಖ ಬಿಸಿಯಾಯಿತು. ಆರು ತಿಂಗಳು ಯಾರೋ ಕೂತು ನಕ್ಕಿದ್ದಾರೆ. ಅಷ್ಟು ಅಳಿಸಿದ್ದು, ತಿದ್ದಿದ್ದು, ಉಪವಾಸ ಮಲಗಿದ್ದು, ಎಲ್ಲ ಯಾವನದೋ ಮೋಜಿಗೆ. ಅಲ್ಲೇ ನಿಂತು ಫೋನ್ ಹಚ್ಚಿದಳು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಒತ್ತಿದಳು.

"ಹಲೋ, ಯಾರ್ರೀ?" ವಯಸ್ಸಾದ ಹೆಣ್ಣುದನಿ.

"ಕೊಪ್ಪಳದಿಂದ ದಿನಾ ರಿಪೋರ್ಟ್ ಕಳಸಾಕಿ ನಾನು. ನೀವು ಯಾರು? ಯಾಕ ಹಿಂಗ ಕಾಡಿದ್ರಿ?"

"ಅಯ್ಯ ಅಕ್ಕಾರ, ನೀವೇನ್ರಿ!" ದನಿ ಒಮ್ಮೆಲೇ ಅರಳಿತು. "ನಾನು ತಾವರಗೇರಾದ ಸಣ್ಣವ್ವ ರೀ. ಇವತ್ತ ಇನ್ನೂ ಬರಲಿಲ್ಲಂತ ಫೋನ್ ಹಿಡಕೊಂಡ ಕುಂತೀನಿ. ಮೊದಲ ಒಂದು ಸಾಲು ಓದೂದರಾಗ ಹೊತ್ತು ಮುಳುಗತಿತ್ರಿ. ನಿನ್ನಿ ಉದ್ದ ಇದ್ರೂ ಎಂಟೂ ಸಾಲು ಒಬ್ಬಾಕೀನ ಓದಿದೆ."

"ಇದನ್ನ ಯಾಕ ಓದತಿದ್ರಿ?" ಎಂದಳು ಶಿವಲೀಲಾ.

"ದೊಡ್ಡವರಿಗೆ ಅಕ್ಷರ ಕಲಿಸೋ ವರ್ಗ ನಿಲ್ಲಿಸುವಾಗ, ಇನ್ನ ಪಾಠ ಫೋನಿಗೇ ಬರ್ತಾವ ಅಂದಿದ್ರು," ಎಂದಳು ಸಣ್ಣವ್ವ, "ಇಡೀ ಊರಾಗ ನನಗೊಬ್ಬಾಕಿಗೇ ಬಂದಾವ ನೋಡ್ರಿ."