ಹುಳ ಅಂದ್ರೆ ಯಾವ ಹುಳ?

“ಹುಳ ಕಡಿದಿದೆ ಅಂತ ಬರೆದಿದೀರಿ ಭೀಮಣ್ಣ. ಹುಳ ಅಂದ್ರೆ ಯಾವ ಹುಳ?”

ಸೊರಬದ ಆಸ್ಪತ್ರೆಯ ಕಂಪ್ಯೂಟರ್ ಮುಂದೆ ಕುಳಿತ ನರ್ಸ್ ಹುಮೇರಾ ಫೋನಿನಲ್ಲಿ ಕೇಳಿದಳು. ಆ ಕಡೆ, ಉಳವಿ ದಾರಿಯ ಆರೋಗ್ಯ ಕೇಂದ್ರದಲ್ಲಿದ್ದ ಭೀಮಣ್ಣನಿಗೆ ರೇಗಿತು. ಮೂವತ್ತು ವರ್ಷ ಮನೆಮನೆ ತಿರುಗಿದ ಆರೋಗ್ಯ ಸಹಾಯಕ ಆತ.

“ಹುಳ ಅಂದ್ರೆ ಹುಳ ಕಣಮ್ಮ. ಜ್ವರಕ್ಕೆ ಮಾತ್ರೆ ಕೊಟ್ಟೀನಿ. ಇನ್ನೇನು ಬೇಕು?”

“ಪಟ್ಟೀಲಿರೋ ಹೆಸರು ಬೇಕು.”

ಆ ಪಟ್ಟಿ ಬಂದು ಎರಡು ತಿಂಗಳಾಗಿತ್ತು. ಕಾಯಿಲೆ, ಕಡಿತ, ನೋವು, ಯಾವುದೇ ಇರಲಿ, ಎಲ್ಲ ಕೇಂದ್ರಗಳೂ ಒಂದಕ್ಕೆ ಒಂದೇ ಪದ ಬಳಸಬೇಕೆಂಬ ನಿಯಮ. ಯಾರಿಗೂ ಅದು ರುಚಿಸಿರಲಿಲ್ಲ. ಎಲ್ಲರೂ ಅದನ್ನು ಪಾಲಿಸುವಂತೆ ನೋಡಿಕೊಳ್ಳುವ ಕೆಲಸ ಹುಮೇರಾಗೆ ಅಂಟಿತ್ತು. ದಿನವೂ ಫೋನು, ದಿನವೂ ಬೈಗುಳ. “ರೋಗೀನೇ ಕೇಳ್ಕೊಂಡು ಬನ್ನಿ ಭೀಮಣ್ಣ, ದಮ್ಮಯ್ಯ,” ಎಂದಳು.

ಗೊಣಗುತ್ತಲೇ ಭೀಮಣ್ಣ ಬೈಕು ಹತ್ತಿದ. ಹುಳ ಕಡಿದಿದ್ದ ರಮಾಬಾಯಿ ಮನೆಯಲ್ಲಿ ಕಂಬಳಿ ಹೊದ್ದು ಮಲಗಿದ್ದಳು. ಎರಡು ದಿನದ ಹಿಂದೆ ಬರೀ ಮೈ ಬಿಸಿ ಎಂದು ಬಂದವಳಿಗೆ ಈಗ ಕಣ್ಣು ಕೆಂಪೇರಿತ್ತು, ಸೊಂಟ ಎತ್ತಲಾಗುತ್ತಿರಲಿಲ್ಲ. “ದರಗೆಲೆ ಗುಡಿಸಾಕೆ ಕಾಡಿಗೆ ಹೋಗಿದ್ದೆ. ಮೊಣಕಾಲ ಹಿಂದೆ, ದನಕ್ಕೆ ಹತ್ತುತ್ತಲ್ಲ, ಆ ಉಣುಗು ಕಚ್ಕೊಂಡಿತ್ತು, ಕಿತ್ತು ಎಸೆದೆ,” ಎಂದಳು. ಭೀಮಣ್ಣನ ಗೊಣಗಾಟ ನಿಂತಿತು. ಅವಳ ಅಂಗಳದಿಂದಲೇ ಫೋನು ಮಾಡಿದ.

“ಉಣುಗು ಕಡಿತ ಅಂತ ಬರಿ, ಸಿಸ್ಟರ್.”

ಹುಮೇರಾ ಪದ ಬದಲಿಸಿ, ಅದೇ ಪದವನ್ನು ಹುಡುಕಿದಳು. ಒಂದರ ಕೆಳಗೊಂದು ಮೂರು ಹೆಸರು ಬಂದವು. ಉಳಿದಿಬ್ಬರದು ಬೇರೆ ಬೇರೆ ಕೇಂದ್ರ. ಮೊದಲು ಒಬ್ಬರು ‘ಚರ್ಮದ ಗಾಯ’ ಎಂದು, ಇನ್ನೊಬ್ಬರು ‘ತುರಿಕೆ’ ಎಂದು ಬರೆದಿದ್ದನ್ನು ಬೆಳಿಗ್ಗೆಯಷ್ಟೇ ಅವಳು ಕಾಡಿಬೇಡಿ ತಿದ್ದಿಸಿದ್ದಳು. ಮೂವರಿಗೂ ಜ್ವರ. ಮೂರೂ ಊರು ಇದ್ದದ್ದು ಒಂದೇ ಕಾಡಿನ ಸುತ್ತ.

ಡಾಕ್ಟರ್ ಗುರುಪ್ರಕಾಶ್ ಪರದೆ ನೋಡಿ ಎದ್ದೇ ನಿಂತರು. “ಮಂಗನ ಕಾಯಿಲೆ ಇರ್ಬಹುದು ಹುಮೇರಾ, ಅದು ಉಣುಗಿಂದಲೇ ಹರಡೋದು. ಮೂವರನ್ನೂ ಇಲ್ಲಿಗೆ ಕರೆಸಿ. ರಕ್ತ ಈಗ್ಲೇ ಶಿವಮೊಗ್ಗಕ್ಕೆ ಹೋಗ್ಲಿ.”

“ರಿಪೋರ್ಟ್ ಬರೋವರೆಗೂ ಕಾಯೋದು ಬೇಡ ಸರ್. ನಾಳೆ ಬೆಳಿಗ್ಗೆ ಮತ್ತೆ ಅದೇ ಕಾಡಿಗೆ ಜನ ಹೋಗ್ತಾರೆ.”

ಹೋಗಲಿಲ್ಲ. ಹುಮೇರಾ ಫೋನಿನಲ್ಲಿ ಹೇಳಿದಂತೆ, ಬೆಳಕು ಹರಿಯುವಾಗಲೇ ಭೀಮಣ್ಣ ಬೈಕನ್ನು ಕಾಡಿನ ದಾರಿಗೆ ಅಡ್ಡ ನಿಲ್ಲಿಸಿದ್ದ. ಬುಟ್ಟಿ ಹೊತ್ತು ಬಂದ ಇಪ್ಪತ್ತು ಹೆಂಗಸರು ಬಾಯಿಗೆ ಬಂದಂತೆ ಬೈದರು. ಆತ ಕೈಮುಗಿದ, ಗದರಿದ, ಒಬ್ಬರನ್ನೂ ಬಿಡಲಿಲ್ಲ. ಸಂಜೆ ಫಲಿತಾಂಶ ಬಂತು: ಮೂವರಲ್ಲಿ ಇಬ್ಬರಿಗೆ ಮಂಗನ ಕಾಯಿಲೆ. ಬೈದ ಹೆಂಗಸರೇ ಮರುದಿನ ಅವನ ಕೈಯಿಂದ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆ ಇಸಿದುಕೊಂಡರು.

ಮೂವರೂ ಬದುಕುಳಿದರು. ಹನ್ನೆರಡನೇ ದಿನ ರಮಾಬಾಯಿ ಯಾರ ಆಸರೆಯೂ ಇಲ್ಲದೆ ನಡೆದು ಹೋಗಿ ಊರಿನ ಬಸ್ಸು ಹತ್ತಿದಳು. ಅವಳನ್ನು ಕಳಿಸಿ ಬಂದು ಹುಮೇರಾ ಕೂರುವಷ್ಟರಲ್ಲಿ ಫೋನು ಬಡಿದುಕೊಂಡಿತು. ಭೀಮಣ್ಣ.

“ಸಿಸ್ಟರ್, ಮೂರೂ ಊರು ಸುತ್ತಿ ಬಂದೆ. ಜ್ವರ ಒಬ್ರಿಗೂ ಇಲ್ಲ. ಇದಕ್ಕೆ ನಿಮ್ಮ ಪಟ್ಟೀಲಿ ಏನಂತಾರೆ?”