ನೂರರಲ್ಲಿ ಒಂಬತ್ತು ಭಾಗ

ಬಾಗಿಲನ್ನು ಯಾರೋ ಮೂರು ಸಲ ಬಡಿದರು. ಕುಸಾಕಾ ತೆರೆದಾಗ, ಕತ್ತಲಲ್ಲಿ ಭೂಕಂಪ ಕೇಂದ್ರದ ಮಿನಾಗಾವಾ ಏದುಸಿರು ಬಿಡುತ್ತ ನಿಂತಿದ್ದಳು.

"ಕುಸಾಕಾ-ಸಾನ್, ನೀವು ಮದ್ದು ಸಿಡಿದ ಹೊತ್ತು ಬರೆದಿಡ್ತೀರಲ್ಲ, ಆ ಪುಸ್ತಕ ಕೊಡಿ."

"ಈ ಹೊತ್ನಲ್ಲಾ? ಬೆಟ್ಟವೇನು ಎದ್ದು ಓಡಿಹೋಗುತ್ತಾ?" ಎಂದು ನಗುತ್ತಲೇ ತಂದುಕೊಟ್ಟನು. ಮೂವತ್ತು ವರ್ಷಗಳಿಂದ ಸುಣ್ಣದಕಲ್ಲಿನ ಕ್ವಾರಿಯಲ್ಲಿ ಮದ್ದು ಸಿಡಿಸುವವನು ಅವನೇ. ಸಿಡಿದ ಕ್ಷಣವನ್ನು ಸೆಕೆಂಡಿನ ನೂರನೆಯ ಭಾಗದವರೆಗೂ ಪುಸ್ತಕದಲ್ಲಿ ಬರೆದು ಕ್ವಾರಿಯ ಕಚೇರಿಗೆ ಚೀಟಿ ಕೊಡುತ್ತಿದ್ದನು. ಕಚೇರಿಯವರು ಅದನ್ನು ಕೇಂದ್ರಕ್ಕೆ ಫೋನಿನಲ್ಲಿ ತಿಳಿಸುತ್ತಿದ್ದರು. ಆ ಕ್ಷಣದಿಂದ ಕಂಪನ ಬೆಟ್ಟವನ್ನು ಹಾದು ಬರಲು ಹಿಡಿಯುವ ಹೊತ್ತನ್ನು ಕೇಂದ್ರ ಅಳೆಯುತ್ತಿತ್ತು. ಕಂಪನ ನಿಧಾನವಾದರೆ ಬೆಟ್ಟದೊಳಗೆ ಬಿರುಕು ಬೆಳೆಯುತ್ತಿದೆ ಎಂದರ್ಥ, ಕ್ವಾರಿ ಮುಚ್ಚಲೇಬೇಕು.

ಮಿನಾಗಾವಾ ತನ್ನ ಹಾಳೆಯನ್ನು ಪುಸ್ತಕದ ಪಕ್ಕದಲ್ಲಿಟ್ಟು, ಸಾಲು ಸಾಲಾಗಿ ಬೆರಳು ಜಾರಿಸಿದಳು. ಎರಡು ತಿಂಗಳಿಂದ ಫೋನಿನಲ್ಲಿ ಬಂದ ಹೊತ್ತು ಅವನು ಬರೆದದ್ದಕ್ಕಿಂತ ತುಸು ತಡವಾಗಿತ್ತು; ಮೊದಲ ದಿನ ಸೆಕೆಂಡಿನ ನೂರರಲ್ಲಿ ಒಂದು ಭಾಗ, ಇಂದು ಒಂಬತ್ತು. ಕಂಪನ ಹೊರಟ ಹೊತ್ತನ್ನೇ ತಡವಾಗಿ ಹೇಳಿ, ಅದು ನಿಧಾನವಾದದ್ದನ್ನು ಯಾರೋ ಮುಚ್ಚಿಟ್ಟಿದ್ದರು. ಬೆಟ್ಟದ ಬುಡದ ನಲವತ್ತು ಮನೆಗಳು ಏನೂ ತಿಳಿಯದೆ ಮಲಗಿದ್ದವು.

"ಮೊದಲು ಊರನ್ನ ಎಬ್ಬಿಸೋಣ," ಕುಸಾಕಾ ಬೂಟು ಎಳೆದುಕೊಂಡನು. "ಕಚೇರಿಯಲ್ಲಿ ನನ್ನ ಹೆಂಡ್ತಿ ತೊಮೊಯೆ ಬಿಟ್ರೆ ಇರೋರು ಇಬ್ಬರೇ. ದಿನಾ ನಿಮಗೆ ಫೋನ್ ಮಾಡಿ ಸುಳ್ಳು ಹೇಳಿದ ಪಾಪಿ ಅವರಲ್ಲಿ ಯಾರು?"

ಒಳಗೆ ಚಹಾ ಬಗ್ಗಿಸುತ್ತಿದ್ದ ಸದ್ದು ಥಟ್ಟನೆ ನಿಂತಿತು. ಮಿನಾಗಾವಾ ತಲೆ ತಗ್ಗಿಸಿದಳು.

"ಅವರಿಬ್ಬರೂ ಅಲ್ಲ. ನಿಮ್ಮ ತೊಮೊಯೆ-ಸಾನ್."